ತಕ್ಕಡಿಗೆ ಗೊತ್ತಿಲ್ಲದ ಪುಡಿ

ನಮ್ಮ ಕಂಟ್ರೋಲ್ ರೂಮಿನಲ್ಲಿ ಒಳ್ಳೆಯ ಕುರ್ಚಿಗಳಿವೆ. ನಾನು ಅವುಗಳಲ್ಲಿ ಕೂತದ್ದು ಕಡಿಮೆ. ಗಾಜಿನ ಈಚೆ ಪರದೆಗಳು, ಆಚೆ ಹಾಸಿಗೆಗಳು, ಹಾಸಿಗೆಗಳ ಮೇಲೆ ಬೆಂಕಿ ತಿಂದು ಬಿಟ್ಟ ಜನ. ಹೇಗೆ ಕೂರುವುದು? ಸಿಸ್ಟರ್ ಫಿಲೋಮಿನಾ ನನ್ನನ್ನು ಕಾಲು ಸುಟ್ಟ ಬೆಕ್ಕು ಎನ್ನುತ್ತಿದ್ದರು. ಸುಟ್ಟಗಾಯದ ವಾರ್ಡಿನಲ್ಲಿ ಆಡಬಾರದ ಮಾತು, ಆದರೆ ಸುಳ್ಳೇನಲ್ಲ. ನನಗೆ ಸಹನಾ ಎಂದು ಹೆಸರಿಟ್ಟ ನನ್ನ ಅಮ್ಮನೂ ಆ ತಪ್ಪನ್ನು ಎಂದೋ ಒಪ್ಪಿಕೊಂಡಿದ್ದಳು.

ಮೈ ಹೆಚ್ಚು ಸುಟ್ಟವರನ್ನು ಕೊಲ್ಲುವುದು ಎಷ್ಟೋ ಸಲ ಬೆಂಕಿಯಲ್ಲ, ಆಮೇಲೆ ಬರುವ ಸೋಂಕು. ಚರ್ಮದ ಬೇಲಿ ಹೋದ ಮೇಲೆ ಸೂಕ್ಷ್ಮಾಣುಗಳು ರಕ್ತಕ್ಕೆ ನುಗ್ಗುತ್ತವೆ, ರಕ್ತನಾಳಗಳು ಸಡಿಲಾಗುತ್ತವೆ, ರಕ್ತದೊತ್ತಡ ಕುಸಿಯುತ್ತದೆ. ಸೆಪ್ಟಿಕ್ ಶಾಕ್ ಎಂದರೆ ಇದು. ಆಗ ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತಿರುವ ಎರಡು ಪುಟ್ಟ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ಸುರಿಸಿ ಮೈಯನ್ನು ಎತ್ತಿ ನಿಲ್ಲಿಸಬೇಕು. ಕೆಲವರಲ್ಲಿ ಆ ಗ್ರಂಥಿಗಳೇ ಕೈಚೆಲ್ಲುತ್ತವೆ. ಅಂಥವರಿಗೆ ಹೊರಗಿನಿಂದ ಸ್ಟೀರಾಯ್ಡ್ ಕೊಟ್ಟರೆ ಜೀವ ಉಳಿಯಬಹುದು. ಗ್ರಂಥಿ ಗಟ್ಟಿಯಿರುವವರಿಗೆ ಸುಮ್ಮನೆ ಕೊಟ್ಟರೆ ಸೋಂಕು ಇನ್ನಷ್ಟು ಕೊಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ, ಕಸಿ ಮಾಡಿದ ಚರ್ಮ ಕೂರುವುದಿಲ್ಲ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು? ಈ ಪ್ರಶ್ನೆಗೆ ವೈದ್ಯರು ತಲೆಮಾರುಗಟ್ಟಲೆ ಜಗಳವಾಡಿದರು. ಜಗಳ ಬಿಡಿಸಲು ಬಂದದ್ದು ತಕ್ಕಡಿ.

ಅದಕ್ಕೆ ಬೇರೆ ಉದ್ದದ ಹೆಸರಿದೆ. ನಾವು ಕರೆಯುವುದು ತಕ್ಕಡಿ ಎಂದೇ. ಕೂದಲಿನಷ್ಟು ಸಣ್ಣ ತಂತಿಯೊಂದು ರೋಗಿಯ ರಕ್ತದಲ್ಲಿ ಕೂತು ಕಾರ್ಟಿಸಾಲ್ ಎಷ್ಟಿದೆ ಎಂದು ಎಡೆಬಿಡದೆ ಅಳೆಯುತ್ತದೆ. ಮೊದಲ ಕೆಲವು ದಿನ ಆ ರೋಗಿಯ ಏರಿಳಿತದ ಚಾಳಿ ಕಲಿಯುತ್ತದೆ. ಆಮೇಲೆ ಕಡಿಮೆ ಬಿದ್ದಷ್ಟನ್ನು ತಾನೇ ಹನಿಹನಿಯಾಗಿ ತೂಗಿ ಕೊಡುತ್ತದೆ. ಅದು ಬೇಡ ಎಂದರೆ ಬೇಡ. ಮೀರಿ ಕೊಡಬೇಕಾದರೆ ಇಬ್ಬರು ವೈದ್ಯರ ಬೆರಳಚ್ಚು ಬೇಕು, ಕಾರಣವೂ ಬೇಕು. ತಕ್ಕಡಿ ಬಂದ ಮೇಲೆ ನಮ್ಮ ದಾವಣಗೆರೆಯ ವಾರ್ಡಿನಲ್ಲಿ ಸಾವು ಕಡಿಮೆಯಾಗಿತ್ತು. ನನಗೆ ಅದರ ಮೇಲೆ ಹೆತ್ತ ಮಗುವಿನಷ್ಟು ಹೆಮ್ಮೆಯಿತ್ತು, ಏಕೆಂದರೆ ಅದಕ್ಕೆ ಕಲಿಯುವುದನ್ನು ಕಲಿಸಿದವರಲ್ಲಿ ನಾನೂ ಒಬ್ಬಳು.

ತಿಪ್ಪೇಶಿ ಬಂದದ್ದು ಮಂಡಕ್ಕಿ ಭಟ್ಟಿಯಿಂದ. ಹೊಗೆ ಹೋಗಲಿ ಎಂದು ಭಟ್ಟಿಗಳಿಗೆಲ್ಲ ಗ್ಯಾಸ್ ಒಲೆ ಹಾಕಿಸಿದ್ದ ಹೊಸತು. ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದಾಗ ಪೈಪು ಬಿಚ್ಚಿಕೊಂಡು ಬೆಂಕಿ ಅವನ ಬೆನ್ನಿಗೂ ಕಾಲುಗಳಿಗೂ ಹೊತ್ತಿತ್ತು. ನಲವತ್ತೈದರ ಆಸುಪಾಸಿನ ಗಟ್ಟಿ ಆಳು. ಎಚ್ಚರವಿದ್ದ, ಮಾತಾಡುತ್ತಿದ್ದ, ಆದರೆ ನರ್ಸುಗಳು ಉಣಿಸಿದರೆ ಬಾಯಿ ತೆರೆಯುತ್ತಿರಲಿಲ್ಲ. ಹಾಗಾಗಿ ದಿನಕ್ಕೆರಡು ಸಲ ಅವನ ಹೆಂಡತಿ ಹಾಲಮ್ಮ ಗೌನು, ಟೋಪಿ, ಮಾಸ್ಕು ಹಾಕಿಕೊಂಡು ಒಳಗೆ ಬಂದು ಗಂಜಿ ಕುಡಿಸಿ ಹೋಗುತ್ತಿದ್ದಳು.

ನಾನು ದಾಖಲಾತಿಯ ದಿನವೇ ಕೇಳಿದ್ದೆ. "ಇವರು ಬೇರೆ ಏನಾದ್ರೂ ಔಷಧಿ ತಗೋತಿದ್ರಾ? ಬಿಪಿ, ಶುಗರು, ನೋವಿನ ಮಾತ್ರೆ?"

"ಏನಿಲ್ರಿ ಮೇಡಂ," ಎಂದಿದ್ದಳು ಹಾಲಮ್ಮ. "ಒಂದು ದಿನ ಜ್ವರ ಅಂತ ಮಲಗ್ದೋರಲ್ಲ ಅವ್ರು."

ತಕ್ಕಡಿಯೂ ಅದನ್ನೇ ಹೇಳಿತು. ಅವನ ಅಂಕಿ ನೋಡಿ ನಾನು ಬೆರಗಾದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಾರ್ಟಿಸಾಲ್ ಚೆನ್ನಾಗಿ ಏರುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಸಾಮಾನ್ಯವಾಗಿ ಏರುವುದು ಬೆಳಗಿನ ಹೊತ್ತು ಒಂದೇ ಸಲ. ಭಟ್ಟಿಯವರು ಬೆಳಕು ಹರಿಯುವ ಮೊದಲೇ ಎದ್ದು ದುಡಿಯುವವರು, ಅವರ ಮೈಗಡಿಯಾರವೇ ಬೇರೆ ಇರಬಹುದು ಎಂದು ನಾನೇ ಸಮಾಧಾನ ಹೇಳಿಕೊಂಡೆ. ತಕ್ಕಡಿ ಆ ಚಾಳಿಯನ್ನು ಕಲಿತು, ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಬರೆಯಿತು: ಗ್ರಂಥಿಗಳು ಗಟ್ಟಿಯಾಗಿವೆ, ಸ್ಟೀರಾಯ್ಡ್ ಬೇಡ.

ಮನೆಯಲ್ಲಿ ಆಗ ಇನ್ನೊಂದು ಸೋಜಿಗ ನಡೆದಿತ್ತು. ವರ್ಷಗಳಿಂದ ಮೊಣಕಾಲು ಹಿಡಿದುಕೊಂಡು ಅಯ್ಯೋ ಅನ್ನುತ್ತಿದ್ದ ನನ್ನ ಅಮ್ಮ ಸಿದ್ಧಲಿಂಗಮ್ಮ ಈಗ ಸೆರಗು ಸೊಂಟಕ್ಕೆ ಸಿಗಿಸಿ ಮಹಡಿ ಹತ್ತಿ ಸಂಡಿಗೆ ಇಡುತ್ತಿದ್ದಳು. ಮುಖ ದುಂಡಗಾಗಿತ್ತು. ರೊಟ್ಟಿಯ ಲೆಕ್ಕ ಏರಿತ್ತು.

"ಏನಮ್ಮ, ಮುಖ ಹೋಳಿಗೆ ಥರ ಉಬ್ಬೈತಲ್ಲ?" ಎಂದು ರೇಗಿಸಿದೆ.

"ಕಣ್ಣು ಹಾಕ್ಬೇಡ. ಉಂಡಿದ್ದು ಮೈಗೆ ಹತ್ತುತ್ತೆ ಈಗ. ನೀನೂ ಒಂದ್ಕಡೆ ಕೂತು ಉಣ್ಣೋದು ಕಲಿ."

"ಮೊಣಕಾಲು?"

"ದೇವರ ದಯೆ." ಅಷ್ಟು ಹೇಳಿ ಒಳಗೆ ಹೋದಳು. ನಾನು ನಿಂತೇ ಎರಡು ತುತ್ತು ತಿಂದು ಆಸ್ಪತ್ರೆಗೆ ಓಡಿದೆ. ಊರಿನವರ ರಕ್ತದಲ್ಲಿ ಕಾರ್ಟಿಸಾಲ್ ಹುಡುಕುವವಳಿಗೆ ಎದುರಿಗಿದ್ದ ಮುಖ ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲೆ.

ತಿಪ್ಪೇಶಿಯ ಕಾಲುಗಳಿಗೆ ಚರ್ಮ ಕಸಿ ಮಾಡಿದ ಮರುದಿನ ಅವನಿಗೆ ಚಳಿಜ್ವರ ಬಂತು. ಸೋಂಕು. ನಿಯಮದ ಪ್ರಕಾರ ವಾರ್ಡಿಗೆ ಹೊರಗಿನವರ ಪ್ರವೇಶ ನಿಲ್ಲಿಸಿದೆವು. ಮೂಗಿನ ನಳಿಕೆಯಿಂದ ನರ್ಸುಗಳೇ ಆಹಾರ ಕೊಡತೊಡಗಿದರು.

ಹಾಲಮ್ಮ ಬಾಗಿಲ ಬಳಿಯಿಂದ ಕದಲಲಿಲ್ಲ. ಬಲಗೈ ಮುಷ್ಟಿ ಬಿಗಿಯಾಗಿತ್ತು. "ಮೇಡಂ, ಒಂದೇ ಸಲ ಬಿಡ್ರಿ. ಒಂದು ಚಮಚ ಗಂಜಿ ನನ್ನ ಕೈಯಾಗ ಕುಡಿಸಿ ಬಂದ್ಬಿಡ್ತೀನಿ."

"ಆಗಲ್ಲಮ್ಮ, ಸೋಂಕು ಐತೆ. ಗಂಜಿ ನಾವೇ ಕೊಡ್ತಿದೀವಿ."

"ನೀವು ಕೊಡೋದೇ ಬ್ಯಾರೆ, ನಾನು ಕೊಡೋದೇ ಬ್ಯಾರೆ."

ಹೆಂಡತಿಯ ಕೈತುತ್ತಿನ ಮಾತು ಎಂದುಕೊಂಡೆ. ಹಿಂದೊಮ್ಮೆ ಅವಳ ಮುಷ್ಟಿಯಲ್ಲಿ ನ್ಯೂಸ್‌ಪೇಪರಿನ ಪೊಟ್ಟಣ ಕಂಡಾಗ ಸಿಸ್ಟರ್ ಫಿಲೋಮಿನಾ, "ವಿಭೂತಿ ಇರಬೇಕು, ಪಾಪ," ಎಂದಿದ್ದರು. ನಾನೂ ಪಾಪ ಎಂದುಕೊಂಡು ಮುಂದೆ ಹೋಗಿದ್ದೆ.

ಎರಡನೆಯ ದಿನ ತಿಪ್ಪೇಶಿಯ ರಕ್ತದೊತ್ತಡ ಕುಸಿಯಿತು. ಆಂಟಿಬಯಾಟಿಕ್ ಸರಿಯಾದದ್ದೇ ಹೋಗುತ್ತಿತ್ತು, ಸಲೈನ್ ಹೋಗುತ್ತಿತ್ತು, ರಕ್ತನಾಳ ಬಿಗಿ ಮಾಡುವ ಔಷಧಿಯನ್ನು ಏರಿಸಿದೆವು, ಮತ್ತೆ ಏರಿಸಿದೆವು. ತೂತು ಕೊಡಕ್ಕೆ ನೀರು ಹೊಯ್ದಂತಾಯಿತು. ಕಾರ್ಟಿಸಾಲ್ ಅಂಕಿಯೂ ಇಳಿದಿತ್ತು. ಆದರೆ ತಕ್ಕಡಿ ಬರೆಯಿತು: ಈ ರೋಗಿಯಲ್ಲಿ ಅಂಕಿ ಇಳಿದು ತಾನಾಗಿ ಏರುತ್ತದೆ, ಕಾಯಿರಿ.

ನನಗೆ ಕಾಯಲು ಆಗದು. ಮುಖ್ಯಸ್ಥ ಡಾಕ್ಟರ್ ವಾಮನ ದೇಸಾಯಿಯವರ ಕೋಣೆಗೆ ನುಗ್ಗಿದೆ. "ಸರ್, ತಕ್ಕಡಿ ಮೀರಿ ಸ್ಟೀರಾಯ್ಡ್ ಕೊಡೋಣ, ಹೈಡ್ರೊಕಾರ್ಟಿಸೋನ್. ನಿಮ್ಮ ಬೆರಳಚ್ಚು ಬೇಕು."

ದೇಸಾಯಿ ಕನ್ನಡಕ ತೆಗೆದರು. "ಕಾರಣ?"

"ಒತ್ತಡ ಏರ್ತಿಲ್ಲ. ಅಂಕಿ ಇಳಿದಿದೆ."

"ದಿನಾ ಇಳಿದು ಏರಿದೆ ಅಂತ ನೀವು ಕಲಿಸಿದ ಯಂತ್ರಾನೇ ಹೇಳ್ತಾ ಇದೆ. ಕಾಲಿಗೆ ಹಸಿ ಕಸಿ ಇದೆ. ಗಾಯದಲ್ಲಿ ಬೂಷ್ಟಿನ ಅನುಮಾನ ಇದೆ. ಹೋದ ವರ್ಷ ಒಬ್ಬ ಹುಡುಗಿಗೆ ನಾನು ಹೀಗೇ ಆತುರದಲ್ಲಿ ಕೊಟ್ಟೆ ಸಹನಾ. ಬೂಷ್ಟು ಎದೆವರೆಗೂ ಏರಿತು. ಅವಳ ತಂದೆ ಮುಖ ಇನ್ನೂ ಕಣ್ಣ ಮುಂದಿದೆ." ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಇವನ ಗ್ರಂಥಿಗಳು ಸೋತಿವೆ ಅನ್ನೋಕೆ ಒಂದು ಕಾರಣ ಕೊಡಿ. ಈಗಲೇ ಬೆರಳಿಡ್ತೀನಿ."

ಕಾರಣ ಹುಡುಕಲು ಹೊರಟೆ. ರಕ್ತದ ಮಾದರಿಯನ್ನು ತಂತಿಗಿಂತ ನಿಖರವಾಗಿ ಅಳೆಯುವ ಬೆಂಗಳೂರಿನ ದೊಡ್ಡ ಲ್ಯಾಬಿಗೆ ಕಳಿಸಿದೆ, ಉತ್ತರ ಬರಲು ಒಂದು ದಿನ ಬೇಕು. ತಿಪ್ಪೇಶಿಯ ಹತ್ತಿರ ಆ ದಿನ ಇರಲಿಲ್ಲ. ಗಾಜಿನ ಮುಂದೆ ಅತ್ತಿಂದಿತ್ತ ಓಡಾಡಿದೆ, ಪರದೆಗೆ ಬೈದೆ, ಸುಮ್ಮನಿದ್ದ ಟೆಕ್ನಿಷಿಯನ್‌ಗೂ ಬೈದೆ. ಕೊನೆಗೆ ಸಿಸ್ಟರ್ ಫಿಲೋಮಿನಾ, "ಡಾಕ್ಟರೇ, ನಿನ್ನೆಯಿಂದ ಇದೇ ಬಟ್ಟೆ. ಮನೆಗೆ ಹೋಗಿ ಮುಖ ತೊಳೆದು ಬನ್ನಿ, ಏನಾದ್ರೂ ಆದ್ರೆ ಫೋನ್ ಮಾಡ್ತೀನಿ," ಎಂದು ಬಾಗಿಲವರೆಗೆ ತಳ್ಳಿದರು. ಮನೆ ಹತ್ತಿರವೇ ಇತ್ತು.

ಮಧ್ಯಾಹ್ನದ ಬಿಸಿಲು. ಅಡುಗೆಮನೆಯ ನೆಲದ ಮೇಲೆ ಅಮ್ಮ ಹಿಂಡಿ ಹಾಕಿದ ಬಟ್ಟೆಯ ಹಾಗೆ ಮುದುಡಿ ಮಲಗಿದ್ದಳು. ಪಕ್ಕದಲ್ಲಿ ವಾಂತಿ. ಮೈ ತಣ್ಣಗೆ, ತುಟಿ ಬಿಳಿ.

"ಅಮ್ಮ! ಯಾವಾಗಿಂದ ಹಿಂಗೆ?"

"ನಿನ್ನೆಯಿಂದ... ಏಳಾಕೆ ಆಗ್ತಿಲ್ಲ ಕಣೆ. ಕೈಕಾಲಾಗೆ ಜೀವ ಇಲ್ಲ."

ರಕ್ತದೊತ್ತಡ ನೋಡಿದೆ. ಜ್ವರವಿಲ್ಲ, ಭೇದಿಯಿಲ್ಲ, ಎದೆ ನೋವಿಲ್ಲ, ಆದರೂ ಒತ್ತಡ ನೆಲ ಕಚ್ಚಿದೆ. ಬೆಳಗಿನಿಂದ ಇನ್ನೊಬ್ಬನ ಮೈಯಲ್ಲಿ ನೋಡಿ ನೋಡಿ ಸಾಕಾಗಿದ್ದ ಅದೇ ಚಿತ್ರ. ಅಮ್ಮನ ತೋಳು ಎತ್ತಿದಾಗ ತೆಳ್ಳಗಾದ ಚರ್ಮದ ಮೇಲೆ ನೀಲಿ ಕಲೆಗಳು ಕಂಡವು. ಆ ದುಂಡು ಮುಖವನ್ನು ಆಗ ಮೊದಲ ಸಲ ಡಾಕ್ಟರಾಗಿ ನೋಡಿದೆ.

"ಅಮ್ಮ, ಮೊಣಕಾಲಿಗೆ ಏನು ತಗೋತಿದ್ದೆ?"

"ಏನಿಲ್ಲ."

"ಏನಿಲ್ಲ ಅನ್ಬೇಡ. ಏನು ತಗೋತಿದ್ದೆ, ಯಾವಾಗ ನಿಲ್ಲಿಸಿದೆ?"

ಅಮ್ಮ ಕಣ್ಣು ಮುಚ್ಚಿದಳು. "ಹೇಳಬಾರ್ದು ಸಹನಾ. ಹೇಳಿದ್ರೆ ಗುಣ ಹೋಗುತ್ತೆ."

ನಾಟಿ ಔಷಧಿಯ ಕಟ್ಟಳೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಕೊಟ್ಟವನು ಗುಟ್ಟು ಹೇಳುವುದಿಲ್ಲ, ತಗೊಂಡವನು ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟರೆ ಮದ್ದು ಸತ್ತಂತೆ. ಆ ಮಾತು ಕಿವಿಗೆ ಬಿದ್ದ ಕ್ಷಣ ನನಗೆ ಅಮ್ಮ ಕಾಣಲಿಲ್ಲ, ಬಾಗಿಲಲ್ಲಿ ನಿಂತ ಹಾಲಮ್ಮನ ಬಿಗಿದ ಮುಷ್ಟಿ ಕಂಡಿತು. ದಿನಕ್ಕೆರಡು ಸಲ ಗಂಜಿ. ದಿನಕ್ಕೆರಡು ಸಲ ಏರಿದ ಅಂಕಿ.

ನೋವಿಗೆ ಕೊಡುವ ಎಷ್ಟೋ ಪುಡಿಗಳಲ್ಲಿ ಬೇರು ನಾರಿನ ಜೊತೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಅರೆದು ಸೇರಿಸಿರುತ್ತಾರೆ. ಅದು ಕಾರ್ಟಿಸಾಲ್‌ನ ದಾಯಾದಿ. ಮುಖ ಎಷ್ಟು ಹೋಲುತ್ತದೆಂದರೆ ತಕ್ಕಡಿಯ ತಂತಿ ಅವನನ್ನೇ ಇವನೆಂದು ಎಣಿಸುತ್ತದೆ. ದಿನಾ ಹೊರಗಿನಿಂದ ಬರುತ್ತಿದ್ದರೆ ಒಳಗಿನ ಗ್ರಂಥಿಗಳು ಕೆಲಸ ಬಿಟ್ಟು ಮಲಗುತ್ತವೆ. ಪುಡಿ ನಿಂತರೆ ಅವು ತಟ್ಟನೆ ಏಳುವುದಿಲ್ಲ. ನನ್ನ ಜಾಣ ತಕ್ಕಡಿ ಇಷ್ಟು ದಿನ ತೂಗಿದ್ದು ತಿಪ್ಪೇಶಿಯ ಶಕ್ತಿಯನ್ನಲ್ಲ, ಹಾಲಮ್ಮನ ಪೊಟ್ಟಣವನ್ನು. ಈಗ ಅದು ಏರುತ್ತದೆಂದು ಕಾಯುತ್ತಿರುವುದೂ ಅವಳ ಚಮಚಕ್ಕೇ.

ಅಮ್ಮನನ್ನು ಕಾರಿಗೆ ಹಾಕಿಕೊಂಡು ಆಸ್ಪತ್ರೆಗೆ ತಂದೆ. ದಾರಿಯಲ್ಲಿ ತಿಪ್ಪೇಶಿಯದು, ಹಾಲಮ್ಮನದು ಎಲ್ಲ ಹೇಳಿದೆ. ಅವಳು ಸೆರಗಿನ ತುದಿಯ ಗಂಟನ್ನು ಹಿಡಿದುಕೊಂಡು ಕೇಳಿದಳು. ಅವಳಿಗೆ ತಕ್ಕಡಿಯ ಅಪ್ಪಣೆ ಬೇಕಿರಲಿಲ್ಲ, ಹೈಡ್ರೊಕಾರ್ಟಿಸೋನ್ ಚುಚ್ಚಿ ಸಲೈನ್ ಹಾಕಿ ಗಾಲಿಕುರ್ಚಿಯಲ್ಲಿ ಕೂರಿಸಿ ದೇಸಾಯಿಯವರ ಹತ್ತಿರ ಓಡಿದೆ.

"ನಿಮ್ಮ ಅಮ್ಮ ತಗೊಂಡ್ರು ಅಂತ ಅವನೂ ತಗೊಂಡಿದ್ದ ಅಂತ ಹೇಗೆ?" ಎಂದರು ಅವರು. "ಅವನ ಹೆಂಡತಿ ಬಾಯಲ್ಲಿ ಹೇಳಿಸಿ. ಅವಳು ಹೌದು ಅಂದ್ರೆ ಅದೇ ಕಾರಣ."

ಹಾಲಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದಳು. ನಾನು ಮುಂದೆ ನಿಂತು ಒಂದೇ ಉಸಿರಿಗೆ ಕೇಳಿದೆ. "ನಿಮ್ಮ ಯಜಮಾನ್ರಿಗೆ ಪುಡಿ ಕೊಡ್ತಿದ್ರಾ? ಗಂಜಿ ಜೊತೆ?"

"ಇಲ್ರಿ."

"ನಿಜ ಹೇಳ್ರಿ. ಹೇಳದಿದ್ರೆ ಅವರು ಉಳಿಯಲ್ಲ!"

"ಇಲ್ಲ ಅಂದ್ನಲ್ರಿ!" ಅವಳು ಅಳತೊಡಗಿದಳು. ನಾನು ಜೋರು ಮಾಡಿದಷ್ಟೂ ಮುಷ್ಟಿ ಬಿಗಿಯಾಯಿತು. ಕಿತ್ತುಕೊಂಡು ಬಿಡೋಣ ಎನ್ನಿಸುವಷ್ಟು ಸಿಟ್ಟು ಬಂತು. ನಾಚಿಕೆಯೂ ಆಯಿತು.

ಹಿಂದಿನಿಂದ ಗಾಲಿಯ ಸದ್ದು. ಸಿಸ್ಟರ್ ಫಿಲೋಮಿನಾ ಅಮ್ಮನನ್ನು ತಳ್ಳಿಕೊಂಡು ಬಂದಿದ್ದರು. ಅಮ್ಮ ಸಲೈನ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಇನ್ನೊಂದು ಕೈಯಿಂದ ನನ್ನನ್ನು ಆಚೆ ಸರಿಸಿದಳು. ಸೆರಗಿನ ತುದಿಯ ಗಂಟು ಬಿಚ್ಚಿ ಮಡಿಸಿದ ಖಾಲಿ ಕಾಗದವನ್ನು ಹಾಲಮ್ಮನ ಮುಂದೆ ಹಿಡಿದಳು.

"ನಂದೂ ಪುಡೀನೇ ಕಣವ್ವ. ಮೊಣಕಾಲಿಗೆ. ಪುಡಿ ಕೊಡೋ ಅಜ್ಜ ಕಾಶಿಗೆ ಹೋಗ್ಯಾನೆ, ಇದ್ದ ಪುಡಿ ಮುಗಿದು ಹೋಯ್ತು. ಬಿದ್ದಿದ್ದೆ ಅಡುಗೆಮನ್ಯಾಗೆ. ಡಾಕ್ಟ್ರು ಮಗಳಿದ್ರೂ ಹೇಳಿರ್ಲಿಲ್ಲ."

ಹಾಲಮ್ಮ ಗಾಬರಿಯಿಂದ ನೋಡಿದಳು. "ಅಯ್ಯೋ, ಯಾಕ್ರವ್ವ ಹೇಳ್ತೀರಾ? ಗುಣ ಹೋಗುತ್ತೆ!"

"ಹೋಗ್ಲಿ. ನನ್ನ ಮೊಣಕಾಲಿಂದ ಹೋಗ್ಲಿ. ಇನ್ಮೇಲೆ ಮಹಡಿ ಹತ್ತಾದಿಲ್ಲ, ಅಷ್ಟೇ ತಾನೇ?"

"ನಿಮ್ದು ಮೊಣಕಾಲು," ಎಂದಳು ಹಾಲಮ್ಮ. "ನಂದು ಗಂಡನ ಜೀವ. ಹೇಳಿದ್ರೆ ತಿರುಗಿ ಅವ್ರಿಗೇ ಬೀಳುತ್ತೆ ಅಂದಾನೆ ಅಜ್ಜ. ಸೊಂಟ ನೋವಿಗೆ ಅಂತ ಎರಡು ವರ್ಷ..." ಬಾಯಿ ತಪ್ಪಿದ್ದು ತಿಳಿದು ಕೈ ಬಾಯಿಗೆ ಹೋಯಿತು. ಮುಷ್ಟಿ ತುಟಿಯ ಮೇಲೆಯೇ ನಿಂತಿತು.

ನಾನು ಏನೋ ಹೇಳಲು ಹೋದೆ. ಅಮ್ಮ ಕಣ್ಣಲ್ಲೇ ಸುಮ್ಮನಿರು ಎಂದಳು.

"ಬಿದ್ದಾಗೈತಲ್ಲವ್ವ," ಎಂದಳು ಅಮ್ಮ ಮೆಲ್ಲಗೆ. "ಹೇಳಿದ್ದಕ್ಕಲ್ಲ. ನಾವಿಬ್ರೂ ಹೇಳದೆ ಕೂತಿದ್ದಕ್ಕೆ. ಪಾಪ ಏನಾದ್ರೂ ಇದ್ರೆ ಮೊದಲು ನಾನು ಹೇಳ್ದೋಳು, ನನ್ನ ತಲಿ ಮ್ಯಾಲಿರ್ಲಿ. ಕೈ ಬಿಚ್ಚು."

ಹಾಲಮ್ಮ ಗಾಜಿನಾಚೆ ನೋಡಿದಳು, ಅಮ್ಮನ ಮುಖ ನೋಡಿದಳು. ಮುಷ್ಟಿ ಬಿಚ್ಚಿತು. ಬೆವರಿಗೆ ನೆನೆದ ಪೊಟ್ಟಣದಲ್ಲಿ ಬೂದು ಬಣ್ಣದ ಪುಡಿ ಮುದ್ದೆಯಾಗಿತ್ತು.

ದೇಸಾಯಿ ಪೊಟ್ಟಣ ನೋಡಿ ಬೆರಳಿಟ್ಟರು. ಪಕ್ಕದಲ್ಲಿ ನನ್ನದು. ತಕ್ಕಡಿ ಎಚ್ಚರಿಕೆಯ ಕೆಂಪು ದೀಪ ಹಚ್ಚಿ, ಈ ರೋಗಿಗೆ ಸ್ಟೀರಾಯ್ಡ್ ಅಗತ್ಯವಿಲ್ಲ ಎಂದು ಬರೆಯುತ್ತಲೇ ಇತ್ತು. ಆ ಪರದೆಯ ಮೇಲೆ ಸಿಸ್ಟರ್ ಫಿಲೋಮಿನಾ ಒಂದು ಟವೆಲ್ ಹಾಕಿದರು. ಹೈಡ್ರೊಕಾರ್ಟಿಸೋನ್ ಹೋಯಿತು. ಸಂಜೆಯವರೆಗೆ ಏನೂ ಆಗಲಿಲ್ಲ. ನಾನು ಎಷ್ಟು ಸಲ ಆ ಹಾಸಿಗೆಗೂ ಕಂಟ್ರೋಲ್ ರೂಮಿಗೂ ಓಡಾಡಿದೆನೋ! ದೀಪ ಹಚ್ಚುವ ಹೊತ್ತಿಗೆ ಒತ್ತಡ ಒಂದಿಷ್ಟು ಮೇಲೆದ್ದಿತು. ನಾಳ ಬಿಗಿ ಮಾಡುವ ಔಷಧಿಯನ್ನು ಒಂದು ಗೆರೆ ಇಳಿಸಿದೆವು, ಬೀಳಲಿಲ್ಲ. ಇನ್ನೊಂದು ಗೆರೆ ಇಳಿಸಿದೆವು. ಮರುದಿನ ಬೆಂಗಳೂರಿನಿಂದ ಉತ್ತರ ಬಂತು: ರಕ್ತದಲ್ಲಿ ಅವನದೇ ಆದ ಕಾರ್ಟಿಸಾಲ್ ಇಲ್ಲವೆನ್ನುವಷ್ಟು ಕಡಿಮೆ. ಅಷ್ಟು ಹೊತ್ತಿಗೆ ತಿಪ್ಪೇಶಿ ಕಣ್ಣು ತೆರೆದು ನೀರು ಕೇಳಿದ್ದ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಸ್ಟೀರಾಯ್ಡ್ ಯಾರಿಗೂ ಪುಕ್ಕಟೆ ಏನೂ ಕೊಡುವುದಿಲ್ಲ. ಬಲಗಾಲಿನ ಕಸಿ ಹಿಡಿಯಿತು. ಎಡಗಾಲಿನದು ಕರಗಿತು, ಕೆಳಗೆ ಬೂಷ್ಟು ಕಂಡಿತು. ಜೀವಕ್ಕೆ ಅಪಾಯ ಬೇಡವೆಂದು ದೇಸಾಯಿ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಹಾಲಮ್ಮ ನನ್ನನ್ನು ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದಳು. ಅಳಲಿಲ್ಲ. "ನಾನು ಹೇಳದೆ ಇದ್ದಿದ್ರೆ ಕಾಲು ಉಳೀತಿತ್ತೇನ್ರಿ?"

ಸುಳ್ಳು ನಾಲಿಗೆಯ ತುದಿಗೆ ಬಂತು. ನುಂಗಿದೆ. "ಕಾಲು ಉಳಿದಿದ್ರೂ ಉಳೀತಿತ್ತೇನೋ ಹಾಲಮ್ಮ. ಅವರು ಉಳೀತಿರ್ಲಿಲ್ಲ."

ಅವಳು ಗಾಜಿನಾಚೆ ನೋಡಿದಳು. "ಹಂಗಾದ್ರೆ ಅಜ್ಜ ಹೇಳಿದ್ದು ಪೂರಾ ಸುಳ್ಳಲ್ಲ," ಎಂದಳು. "ಕಾಲು ತಗೊಂಡು ಬಿಟ್ಟೈತೆ."

ತಕ್ಕಡಿ ಮಾಡಿದ ಕಂಪನಿಯವರು ಬಂದರು. ಹೊಸ ತಂತಿ ದಾಯಾದಿಗಳನ್ನು ಬೇರೆ ಮಾಡಿ ಗುರುತಿಸುತ್ತದೆ, ತಯಾರಾಗಲು ಒಂದೆರಡು ವರ್ಷ ಬೇಕು ಎಂದರು. ಅಲ್ಲಿಯವರೆಗೆ ಪರದೆಯ ಮೇಲೆ ಒಂದು ಪ್ರಶ್ನೆ ಸೇರಿಸಿದರು: ರೋಗಿ ಈ ಮೊದಲು ಸ್ಟೀರಾಯ್ಡ್ ಸೇವಿಸುತ್ತಿದ್ದರೇ? ಹೌದು ಅಥವಾ ಇಲ್ಲ. ಬಂದವರೆಲ್ಲ ಇಲ್ಲ ಎಂದರು. ಅಮ್ಮನಿಗೆ ಪುಡಿಯ ಬದಲು ಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ನಾನು ವಾರಕ್ಕಿಷ್ಟು ಎಂದು ಇಳಿಸುತ್ತಾ ಬಂದೆ. ಮುಖ ಇಳಿಯಿತು, ಮೊಣಕಾಲಿನ ನೋವು ಮರಳಿತು. ಈಗ ಸಂಡಿಗೆ ಇಡುವುದು ನಾನು. ಅವಳು ಕೆಳಗಿನಿಂದ, "ಒತ್ತೊತ್ತಾಗಿ ಇಡಬ್ಯಾಡ್ವೇ, ನಿನಗೇನು ಅಷ್ಟು ಅವಸರ," ಎಂದು ಕೂಗುತ್ತಾಳೆ.

ಮೊನ್ನೆ ಬೆಳಿಗ್ಗೆ ಮಿರ್ಚಿ ಅಂಗಡಿಯ ಎಣ್ಣೆ ಬಾಣಲೆ ಮೈಮೇಲೆ ಮಗುಚಿಕೊಂಡ ಮುದುಕನೊಬ್ಬನನ್ನು ತಂದರು. ಜೊತೆಗೆ ಸೊಸೆ. ನಾನು ನಿಂತೇ ಪುಡಿಯ ವಿಷಯ ಕೇಳಿದೆ, ಅವಳು ಏನಿಲ್ಲ ಎಂದಳು. ಮತ್ತೆ ಕೇಳಿದೆ, ಮತ್ತೆ ಏನಿಲ್ಲ. ಆ ಹೊತ್ತಿಗೆ ಬೆಂಚಿನ ತುದಿಯಿಂದ ಹಾಲಮ್ಮ ಎದ್ದು ಬಂದಳು. ಗಂಡನಿಗೆ ಕೃತಕ ಕಾಲಿನ ಅಳತೆ ಕೊಡಿಸಲು ಬಂದಿದ್ದಳು.

"ಮೇಡಂ, ನೀವು ಸ್ವಲ್ಪ ಆ ಕಡೆ ಹೋಗ್ರಿ. ನೀವು ನಿಂತಿದ್ರೆ ಯಾರೂ ಹೇಳಲ್ಲ."

ನಾನು ಗಾಜಿನ ಹಿಂದೆ ಹೋದೆ. ಹಾಲಮ್ಮ ಆ ಸೊಸೆಯ ಪಕ್ಕದಲ್ಲಿ ಕೂತು, ಎಲೆಯಡಿಕೆ ಚೀಲ ತೆಗೆದು, ಮೊದಲು ತನ್ನದನ್ನು ಹೇಳತೊಡಗಿದಳು. ದನಿ ನನಗೆ ಕೇಳುತ್ತಿರಲಿಲ್ಲ. ಅವಳ ಕೈ ಒಮ್ಮೆ ಸೊಂಟ ಮುಟ್ಟಿ ತೋರಿಸಿತು, ಒಮ್ಮೆ ಎಡಗಾಲಿನ ಮೊಣಕಾಲಿನ ಕೆಳಗೆ ಅಡ್ಡಗೆರೆ ಎಳೆಯಿತು. ಸೊಸೆ ತಲೆ ತಗ್ಗಿಸಿ ಕೇಳುತ್ತಿದ್ದಳು. ನನ್ನ ಕಾಲು ಬಾಗಿಲ ಕಡೆಗೇ ಎಳೆಯುತ್ತಿತ್ತು, ಹೋಗಿ ಬೇಗ ಹೇಳಮ್ಮ ಎನ್ನಬೇಕೆನ್ನಿಸುತ್ತಿತ್ತು. ಕೊನೆಗೆ ಒಂದು ಕುರ್ಚಿ ಎಳೆದುಕೊಂಡು ಕೂತೆ. ಗಾಜಿನಾಚೆ ಆ ಸೊಸೆ ಇನ್ನೂ ಮಾತಾಡಿರಲಿಲ್ಲ, ಆದರೆ ಅವಳ ಬೆರಳುಗಳು ಸೆರಗಿನ ತುದಿಯ ಗಂಟನ್ನು ಹುಡುಕುತ್ತಿದ್ದವು.